ನೈಸ್ ಎಂಬ ಶಬ್ದವೂ ನಮ್ಮ ಬೀಗತಿಯೂ

ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಿ ಮುಖ ಕೆಡಿಸಿಕೊಂಡವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನಾನು ಸರಿಯಾಗಿ ಗೊತ್ತಿದ್ದದ್ದನ್ನೇ ಹೇಳಿ ಕೆಡಿಸಿಕೊಂಡವನು. ಮೊದಲನೆಯವರಿಗೆ ಒಂದು ಅನುಕೂಲವಿದೆ. ‘ತಪ್ಪಾತ್ರಿ, ಗೊತ್ತಿರಲಿಲ್ಲ’ ಎಂದು ಹೇಳಿ ಪಾರಾಗಬಹುದು. ನನಗೆ ಆ ಬಾಗಿಲೂ ಮುಚ್ಚಿತ್ತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತವೆ. ಗಡ್ಡ ಮಾಡಿಕೊಳ್ಳುವಾಗ ನೆನಪಾದರಂತೂ ಕನ್ನಡಿಯಲ್ಲಿರುವ ಮನುಷ್ಯನ ಮುಖ ನೋಡಲಾಗದೆ ಕೆನ್ನೆ ಕೊಯ್ದುಕೊಳ್ಳುತ್ತೇನೆ.

ನನ್ನ ಇಂಗ್ಲಿಷಿನ ವಿಷಯ ಮೊದಲು ಹೇಳಿಬಿಡಬೇಕು. ನಾನು ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಓದಿದ್ದು ಕಾಕತಿಯ ಕನ್ನಡ ಸಾಲಿಯಲ್ಲಿ. ಕಚೇರಿಗೆ ಸೇರಿದ ಮೇಲೆ ಹಳೆಯ ಫೈಲುಗಳಲ್ಲಿದ್ದ ಪತ್ರಗಳನ್ನು ನೋಡಿ ನೋಡಿ ಇಂಗ್ಲಿಷ್ ಬರೆಯುವುದನ್ನು ಕಲಿತೆ. ಹೀಗಾಗಿ ನನ್ನ ಇಂಗ್ಲಿಷಿನಲ್ಲಿ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎನ್ನಲು ಬರುತ್ತದೆ, ‘ಊಟ ಆಯಿತೇ’ ಎನ್ನಲು ಬರುವುದಿಲ್ಲ. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ನಾನು ಗಂಭೀರವಾಗಿ ತಲೆಯಾಡಿಸಿ, ಯಾವುದೋ ಫೈಲು ಹುಡುಕುವವನಂತೆ ಎದ್ದು ಹೋಗುತ್ತೇನೆ. ಈ ಕೊರತೆಯನ್ನು ಹೇಗಾದರೂ ತುಂಬಿಕೊಳ್ಳಬೇಕಲ್ಲ? ಹೋದ ವರ್ಷ ಮೊಬೈಲಿನಲ್ಲಿ ದಿನಕ್ಕೊಂದು ಇಂಗ್ಲಿಷ್ ಶಬ್ದದ ಹುಟ್ಟು ಬೆಳವಣಿಗೆ ತಿಳಿಸುವ ಒಂದು ಆ್ಯಪ್ ಸಿಕ್ಕಿತು. ನನಗೆ ಸ್ವರ್ಗವೇ ಸಿಕ್ಕಂತಾಯಿತು. ಮಾತಾಡಲು ಬಾರದ ಭಾಷೆಯ ಅಜ್ಜ ಮುತ್ತಜ್ಜಂದಿರ ಹೆಸರೆಲ್ಲ ಬಾಯಿಪಾಠವಾದವು. ಇಂಗ್ಲಿಷ್ ನನ್ನನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಅದಕ್ಕೇ ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಅದರ ಮನೆತನದ ಗುಟ್ಟು ಆಡಿಕೊಳ್ಳತೊಡಗಿದೆ.

ಅವುಗಳಲ್ಲಿ ನನ್ನ ತಲೆಗೇರಿ ಕೂತದ್ದು ‘ನೈಸ್’. ಇದು ಇಂಗ್ಲಿಷ್ ಎನ್ನುವುದೇ ನಮಗೆ ಮರೆತುಹೋಗಿದೆ. ನಮ್ಮವ್ವ ಗಿರಣಿಗೆ ಜೋಳ ಹೊತ್ತುಕೊಂಡು ಹೋದಾಗೆಲ್ಲ ‘ನೈಸ್ ಬೀಸಪಾ’ ಎಂದೇ ಹೇಳುತ್ತಿದ್ದಳು. ಅವಳಿಗೆ ಎ ಬಿ ಸಿ ಬರುತ್ತಿರಲಿಲ್ಲ. ನನ್ನ ಹೆಂಡತಿ ಗಿರಿಜಾ ರವಿವಾರ ಪೇಟೆಯ ಅಂಗಡಿಯಲ್ಲಿ ಬಟ್ಟೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ ‘ಅರಿವಿ ನೈಸ್ ಐತಿ’ ಎನ್ನುತ್ತಾಳೆ. ಸಾಹೇಬರಿಂದ ಕೆಲಸ ಆಗಬೇಕಾದರೆ ಅವರನ್ನು ‘ನೈಸ್ ಮಾಡಬೇಕು’. ಕೆಲಸ ಮಾಡದವನು ‘ನೈಸಾಗಿ ಜಾರಿಕೊಳ್ಳುತ್ತಾನೆ’. ಹಿಟ್ಟು, ಬಟ್ಟೆ, ಸಾಹೇಬ, ಸೋಮಾರಿ ಎಲ್ಲರಿಗೂ ಒಂದೇ ಶಬ್ದ. ಆದರೆ ಅದರ ಮೂಲ ನೋಡಿದರೆ ಬೇರೆಯೇ ಕಥೆ. ಲ್ಯಾಟಿನ್ನಿನಲ್ಲಿ ‘ನೆಸ್ಕಿಯಸ್’ ಎಂದರೆ ಏನೂ ತಿಳಿಯದವನು. ಅದು ಫ್ರಾನ್ಸಿಗೆ ಹೋಗಿ ಸೊರಗಿ ‘ನೈಸ್’ ಆಗಿ, ಇಂಗ್ಲೆಂಡಿಗೆ ಬಂದಾಗ ಅದರ ಅರ್ಥ ದಡ್ಡ, ಪೆದ್ದ. ಆಮೇಲೆ ಅಂಜುಬುರುಕ, ಆಮೇಲೆ ಎಲ್ಲದರಲ್ಲೂ ಕೊಂಕು ತೆಗೆಯುವವನು, ಆಮೇಲೆ ನಾಜೂಕಿನದು, ಸೂಕ್ಷ್ಮವಾದದ್ದು, ಹೀಗೆ ಬಟ್ಟೆ ಬದಲಿಸುತ್ತ ಬದಲಿಸುತ್ತ ಕೊನೆಗೆ ಚಲೋದು ಎಂಬಲ್ಲಿಗೆ ಬಂದು ನಿಂತಿತು. ದಡ್ಡನೊಬ್ಬ ಕೆಲವು ನೂರು ವರ್ಷ ಸುಮ್ಮನೆ ಕೂತಿದ್ದಕ್ಕೆ ಒಳ್ಳೆಯವನೆಂಬ ಹೆಸರು ಬಂದಂತೆ. ನಮ್ಮ ಇಲಾಖೆಯಲ್ಲಿ ಬಡ್ತಿ ಸಿಗುವುದೂ ಹೆಚ್ಚುಕಡಿಮೆ ಹೀಗೆಯೇ ಆದ್ದರಿಂದ ನನಗೆ ಈ ಕಥೆ ಬಹಳ ಹಿಡಿಸಿತು.

ಹಿಡಿಸಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ಜಾತಿಯವನು ನಾನಲ್ಲ. ಕಚೇರಿಯ ಒಬ್ಬ ಗುಮಾಸ್ತರು ಪಾಪ, ‘ಸರ್, ಅಂಗಿ ನೈಸ್ ಐತ್ರಿ’ ಎಂದರು. ಅವರನ್ನು ಕೂರಿಸಿಕೊಂಡು ಲ್ಯಾಟಿನ್ನಿನಿಂದ ಶುರು ಮಾಡಿದೆ. ಅವತ್ತಿನಿಂದ ಅವರು ನನ್ನ ಅಂಗಿಯ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ಹಾಲಿನವನಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಷಡ್ಡಕನನ್ನು ಕಳಿಸಲು ಹೋದಾಗ ಅಲ್ಲಿಯ ಕಾವಲುಗಾರನಿಗೂ ಹೇಳಿದೆ. ಗಿರಿಜಾ ಒಂದು ದಿನ, ‘ನೀವು ಊರಾಗ ಯಾರಿಗೆ ಬೇಕಾದ್ರೂ ಹೇಳ್ರಿ, ನನ್ನ ತವರಿನವರ ಮುಂದ ಮತ್ತ ನಮ್ಮ ಬೀಗರ ಮುಂದ ಹೇಳಬ್ಯಾಡ್ರಿ’ ಎಂದಳು. ನಾನು ಆಗಲಿ ಎಂದಿದ್ದೆ. ಆ ಮಾತು ತಪ್ಪಿದ್ದೂ ನನ್ನ ನಾಚಿಕೆಯ ಲೆಕ್ಕಕ್ಕೇ ಸೇರಬೇಕು.

ನಮ್ಮ ಮಗಳು ವಿದ್ಯಾಳನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಅಳಿಯ ಮಹೇಶನದು ಅಲ್ಲಿ ಹಾರ್ಡ್‌ವೇರ್ ಅಂಗಡಿ. ಅವನ ತಾಯಿ ಸುಶೀಲಾಬಾಯಿ, ನಮ್ಮ ಬೀಗತಿ, ಬಹಳ ಲವಲವಿಕೆಯ ಹೆಂಗಸು. ಖಾನಾಪುರದವರೆಂದ ಮೇಲೆ ಕನ್ನಡ ಮರಾಠಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಒಂದು ವಾಕ್ಯ ಯಾವ ಭಾಷೆಯಲ್ಲಿ ಶುರುವಾಗಿ ಯಾವುದರಲ್ಲಿ ಮುಗಿಯುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಅಷ್ಟು ಸಾಲದೆಂದು ಮಗನ ಮದುವೆಯಾದ ಮೇಲೆ ಅವರು ಇಂಗ್ಲಿಷ್ ಕಲಿಯಲು ಶುರು ಮಾಡಿದ್ದರು. ವಿದ್ಯಾಳೇ ಕಲಿಸುತ್ತಿದ್ದಳು. ಅತ್ತೆ ರೊಟ್ಟಿ ಬಡಿಯುವುದು, ಸೊಸೆ ಪಕ್ಕದಲ್ಲಿ ಕುಳಿತು ವಾಕ್ಯ ಹೇಳಿಕೊಡುವುದು. ಸುಶೀಲಾಬಾಯಿಯವರಿಗೆ ಎಲ್ಲಕ್ಕಿಂತ ಮೊದಲು ಕೈವಶವಾದ ಶಬ್ದ ‘ನೈಸ್’. ಮಳೆ ಬಂದರೆ ನೈಸ್, ಮಳೆ ನಿಂತರೆ ನೈಸ್. ಸೊಸೆಯ ಜೊತೆ ಮಲಪ್ರಭೆಯ ದಂಡೆಯಲ್ಲಿ ನಿಂತು ತೆಗೆಸಿಕೊಂಡ ಫೋಟೋವನ್ನು ವಾಟ್ಸಾಪಿನ ಪ್ರೊಫೈಲಿಗೆ ಹಾಕಿ, ಕೆಳಗೆ ‘ಮೈ ನೈಸ್ ಸೊಸಿ’ ಎಂದು ಬರೆದಿದ್ದರು. ಅದನ್ನು ನೋಡಿ ಗಿರಿಜಾ ಕಣ್ಣೊರೆಸಿಕೊಂಡಳು. ನನಗೂ ಖುಷಿಯಾಗಿತ್ತು, ಖರೇ. ಆದರೆ ತಲೆಯಲ್ಲಿ ಲ್ಯಾಟಿನ್ ಮಿಸುಕಾಡಿತ್ತು ಎಂಬುದೂ ಖರೇ.

ದೀಪಾವಳಿಯಾದ ಮೇಲೆ ಬೀಗರನ್ನು ಊಟಕ್ಕೆ ಕರೆದಿದ್ದೆವು. ನಮ್ಮ ಕಡೆಯವರೂ ಬಂದಿದ್ದರು. ಮನೆ ತುಂಬಿತ್ತು. ಗಿರಿಜಾ ಹೋಳಿಗೆ ಮಾಡಿದ್ದಳು. ಸುಶೀಲಾಬಾಯಿ ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ತೆರೆದು, ಎಲ್ಲರಿಗೂ ಕೇಳುವಂತೆ ‘ಗಿರಿಜಕ್ಕಾ, ಹೂರಣ ಏನ್ ನೈಸ್ ಆಗೇತ್ರೀ! ವೆರಿ ನೈಸ್!’ ಎಂದರು.

ಗಿರಿಜಾ ಮುಗುಳ್ನಕ್ಕಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು, ಪ್ರೀತಿಯಿಂದ. ಅಷ್ಟಕ್ಕೇ ಅದು ಮುಗಿದು, ಎರಡನೆಯ ಹೋಳಿಗೆಯ ಮೇಲೆ ತುಪ್ಪ ಬೀಳಬೇಕಿತ್ತು. ನಾನು ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ. ನಿಂತಲ್ಲಿಂದಲೇ, ‘ಬೀಗತೇರ, ನೈಸ್ ಅಂದ್ರ ಮೂಲದಾಗ ಏನು ಗೊತ್ತೇನ್ರಿ?’ ಎಂದುಬಿಟ್ಟೆ.

ಗಿರಿಜಾ ಅಡುಗೆಮನೆಯ ಬಾಗಿಲಿನಿಂದ ಕಣ್ಣು ಹಿಗ್ಗಿಸಿದಳು. ಅದು ಕಂಡಿತು ಕೂಡ. ಆದರೆ ಕೇಳುವವರು ಸಿಕ್ಕಾಗ ನನ್ನ ಕಣ್ಣು ಕಂಡದ್ದನ್ನು ತಲೆಗೆ ಮುಟ್ಟಿಸುವುದಿಲ್ಲ. ನೆಸ್ಕಿಯಸ್‌ನಿಂದ ಹಿಡಿದು ಫ್ರಾನ್ಸಿನ ಮೇಲೆ ಹಾಯ್ದು ದಡ್ಡನವರೆಗೆ ಬಂದೆ. ‘ಅಂದ್ರ ಹಿಂದಿನ ಕಾಲದಾಗ ಯಾರಿಗಾದ್ರೂ ನೈಸ್ ಅಂದ್ರ, ಪೆದ್ದು, ತಲಿ ಇಲ್ಲದಾವ ಅಂದಂಗ!’ ಎಂದು ಮುಗಿಸಿ ಎಲ್ಲರ ಮುಖ ನೋಡಿದೆ. ಗಂಡಸರ ಸಾಲಿನಲ್ಲಿ ದೊಡ್ಡ ನಗೆ ಎದ್ದಿತು. ನಮ್ಮ ಷಡ್ಡಕ ನೀರು ನೆತ್ತಿಗೇರಿಸಿಕೊಂಡ. ನನಗೆ ಅವತ್ತಿನಷ್ಟು ಖುಷಿ ಯಾವ ಬಡ್ತಿಯಲ್ಲೂ ಆಗಿರಲಿಲ್ಲ.

ಸುಶೀಲಾಬಾಯಿ ನಗಲಿಲ್ಲ. ತುತ್ತು ಕೈಯಲ್ಲೇ ಇತ್ತು. ಮೆಲ್ಲಗೆ, ‘ಹಂಗಾದ್ರ ನಾ ನಿಮ್ಮ ಮಗಳಿಗೆ ಊರ ಮುಂದೆಲ್ಲಾ ದಡ್ಡಿ ಅಂತ ಹೇಳಿಕೋತ ಬಂದಂಗಾತೇನ್ರಿ?’ ಎಂದರು.

‘ಛೇ ಛೇ, ಹಂಗಲ್ರೀ, ಅದು ಮೊದಲಿನ ಅರ್ಥ’ ಎಂದೆ. ನಗೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಅದರಲ್ಲಿ ನನ್ನ ಮಾತು ಮುಳುಗಿತು. ಅವರು ತುತ್ತನ್ನು ತಟ್ಟೆಯಲ್ಲಿಟ್ಟು, ಆಮೇಲೆ ಉಳಿದ ಊಟವನ್ನು ಮರ್ಯಾದೆಯ ಹೆಂಗಸು ಹೇಗೆ ಮಾಡಬೇಕೋ ಹಾಗೆ, ಏನೂ ಬಿಡದೆ, ಏನೂ ಕೇಳದೆ ಮುಗಿಸಿದರು. ಹೊರಡುವಾಗ ಗಿರಿಜಾಳ ಕೈಯಿಂದ ಎಲೆ ಅಡಿಕೆ ಇಸಿದುಕೊಂಡರು. ನನಗೆ ‘ಬರ್ತೀವ್ರಿ’ ಎಂದರು. ಯಾವಾಗಲೂ ‘ಬಾಯ್ ಬಾಯ್ ರೀ’ ಅನ್ನುತ್ತಿದ್ದವರು.

ಮರುದಿನ ಪ್ರೊಫೈಲಿನಲ್ಲಿದ್ದ ಫೋಟೋ ಹೋಗಿ ಅಲ್ಲಿ ಒಂದು ದಾಸವಾಳದ ಹೂವು ಬಂದಿತ್ತು. ವಾರವಾದ ಮೇಲೆ ವಿದ್ಯಾಳ ಫೋನು ಬಂತು. ‘ಅಪ್ಪಾ, ಅತ್ತಿ ಇಂಗ್ಲಿಷ್ ಕಲಿಯೂದ ಬಿಟ್ಟಾರ. ಪುಸ್ತಕ ತಗದ್ರ, ಬ್ಯಾಡವ್ವಾ, ಈ ವಯಸ್ಸಿನಾಗ ಯಾಕ ನಗಿಗೀಡಾಗೂದು ಅಂತಾರ. ಬರೂ ತಿಂಗಳು ಅವರ ಮಹಿಳಾ ಸಂಘದ ವಾರ್ಷಿಕೋತ್ಸವ ಐತಿ. ದಿಲ್ಲಿಯಿಂದ ಯಾರೋ ದೊಡ್ಡ ಮೇಡಮ್ ಬರ್ತಾರ. ಸಂಘದ ಬಗ್ಗೆ ಅತ್ತೀನ ಇಂಗ್ಲಿಷ್‌ನಾಗ ಹೇಳೂದಿತ್ತು. ಎಲ್ಲಾ ತಯಾರಿ ಆಗಿತ್ತು. ಈಗ ನಾ ಮಾತಾಡಂಗಿಲ್ಲ ಅಂತ ಅಂದುಬಿಟ್ಟಾರ. ನಿನ್ನಿಂದ ನನಗ ಮನಿಯಾಗ ತಲಿ ಎತ್ತಾಕ ಆಗವಲ್ದು.’ ಇಷ್ಟು ಹೇಳಿ ಅತ್ತಳು. ಮದುವೆಯ ದಿನ ಕಳಿಸಿಕೊಡುವಾಗ ಕೂಡ ಅವಳು ಹಾಗೆ ಅತ್ತಿರಲಿಲ್ಲ.

ಗಿರಿಜಾ ಬೈಯಲಿಲ್ಲ. ಬೆಳಗಾವಿಯ ಕುಂದಾ ಮಿಠಾಯಿಯ ಡಬ್ಬಿಯೊಂದನ್ನು ಚೀಲದಲ್ಲಿಟ್ಟು ಚೀಲವನ್ನು ನನ್ನ ಕೈಗೆ ಕೊಟ್ಟಳು, ಅಷ್ಟೇ. ನಾನು ಖಾನಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಹೇಗೆ ಕೇಳಬೇಕೆಂದು ಯೋಚಿಸುತ್ತ ಕುಳಿತೆ. ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ನನಗೆ ಹಾಗೆ ತೋಚಲಿಲ್ಲ. ಶಬ್ದದಿಂದ ಆದ ಗಾಯಕ್ಕೆ ಶಬ್ದದಿಂದಲೇ ಮದ್ದು ಹಚ್ಚಬೇಕೆಂದು ಬಸ್ಸಿನಲ್ಲೇ ಮೊಬೈಲು ತೆಗೆದು ಇನ್ನಷ್ಟು ಓದಿಕೊಂಡೆ.

ಸುಶೀಲಾಬಾಯಿ ಹಿತ್ತಲ ಕಟ್ಟೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದರು. ‘ಬರ್ರಿ ಬೀಗರ, ಕುಂದರ್ರಿ’ ಎಂದು ಕುರ್ಚಿ ಹಾಕಿಸಿದರು. ವಿದ್ಯಾ ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.

ನಾನು ಗಂಟಲು ಸರಿ ಮಾಡಿಕೊಂಡೆ. ‘ಬೀಗತೇರ, ಅವತ್ತು ನಾ ಪೂರ್ತಿ ಹೇಳಲಿಲ್ಲ. ಆ ಶಬ್ದದ್ದು ದಡ್ಡ ಅನ್ನೂ ಅರ್ಥ ಹೋಗಿ ಭಾಳ ವರ್ಷಾತು. ಆಮ್ಯಾಲ ಅಂಜುಕುಳಿ ಅಂತಾತು.’

‘ಹೂಂ’ ಎಂದರು.

‘ಆಮ್ಯಾಲ ಎಲ್ಲಾದ್ರಾಗೂ ಕೊಂಕು ತಗಿಯಾವ್ರು ಅಂತ.’

‘ಹೂಂ.’

ಇದು ಎತ್ತಲೋ ಹೋಗುತ್ತಿದೆ ಅನ್ನಿಸಿ ಸಂಸ್ಕೃತಕ್ಕೆ ಹಾರಿದೆ. ‘ಹಂಗ ನೋಡಿದ್ರ ನಮ್ಮಲ್ಲೂ ಹಂಗ ಐತ್ರಿ. ಮುಗ್ಧ ಅಂತೀವಿ, ಎಷ್ಟು ಚಂದದ ಮಾತು! ಆದ್ರ ಮುಗ್ಧ, ಮೂಢ ಎರಡೂ ಅಕ್ಕತಂಗ್ಯಾರು, ಒಂದ ಧಾತು. ಹಿಂದಕ್ಕ ಮುಗ್ಧ ಅಂದ್ರೂ ತಿಳಿವಳಿಕಿ ಇಲ್ಲದಾವ ಅಂತನ.’

ಸುಶೀಲಾಬಾಯಿ ಶಾವಿಗೆ ಹರವುವ ಕೈ ನಿಲ್ಲಿಸಿದರು. ‘ನಮ್ಮ ಮನಿಯವರು ಇದ್ದಾಗ ನನಗ ಯಾವಾಗಲೂ, ನೀ ಭಾಳ ಮುಗ್ಧ ಇದ್ದಿ ಅಂತಿದ್ರು’ ಎಂದರು. ‘ಅದನ್ನೂ ಇವತ್ತು ಕಸಗೊಂಡ್ರಲ್ಲರೀ.’

ಭೂಮಿ ಬಾಯಿ ಬಿಡಲಿ ಎಂದು ಜನ ಯಾಕೆ ಅನ್ನುತ್ತಾರೆಂದು ನನಗೆ ಆ ಹಿತ್ತಲಿನಲ್ಲಿ ತಿಳಿಯಿತು. ಕೈಯಲ್ಲಿದ್ದ ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಸದ್ದು ಮಾಡತೊಡಗಿತು. ಓದಿಕೊಂಡು ಬಂದದ್ದೆಲ್ಲ ಆರಿಹೋಯಿತು. ‘ತಪ್ಪಾತ್ರಿ’ ಎಂದೆ. ‘ನಂದು ತಪ್ಪಾತು. ಮತ್ತೇನೂ ಹೇಳಾಕ ಬರವಲ್ದು.’

ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ‘ಬೀಗರ, ಶಬ್ದದ್ದು ಅರ್ಥ ಏನರ ಇರಲಿ. ನನಗ ಅದರಿಂದ ಏನೂ ಆಗಿಲ್ಲ. ನಿಮ್ಮ ಮನ್ಯಾಕಿ ಮುಂಜಾನಿಂದ ಒಲಿ ಮುಂದ ನಿಂತು ಮಾಡಿದ್ದ ಹೋಳಿಗಿ ರೀ ಅದು. ಚಲೋ ಆಗೇತಿ ಅಂತ ನಾ ಅಕಿಗೆ ಹೇಳಿದೆ. ಅಕಿಗೆ ಮುಟ್ಟೂದರಾಗ ನೀವು ನಡುವ ಹಿಡಕೊಂಡ್ರಿ. ಅಕಿ ಮಾರಿ ಸಣ್ಣದಾತು. ನೀವು ನೋಡಲಿಲ್ಲ, ನಾ ನೋಡಿದೆ.’

ನಿಜಕ್ಕೂ ನಾನು ನೋಡಿರಲಿಲ್ಲ. ಇಷ್ಟು ದಿನ ಬೀಗತಿಗೆ ನೋವಾಯಿತೆಂದು ಕೊರಗುತ್ತಿದ್ದವನಿಗೆ, ಮನೆಯಲ್ಲಿ ಮಾತಿಲ್ಲದೆ ಚೀಲ ಕೈಗೆ ಕೊಟ್ಟವಳ ನೆನಪಾಗಿ ತಲೆ ಇನ್ನೂ ಕೆಳಗೆ ಹೋಯಿತು. ಸುಶೀಲಾಬಾಯಿಗೆ ನನ್ನ ಅವಸ್ಥೆ ನೋಡಿ ಕನಿಕರ ಹುಟ್ಟಿರಬೇಕು. ಒಳಗೆ ತಿರುಗಿ, ‘ವಿದ್ಯಾ, ಕಪ್ಪು ತಗೊಂಡು ಹೋಗವಾ, ಒಡದ ಬಿಟ್ಟಾರು’ ಎಂದರು. ಆಮೇಲೆ ನನಗೆ, ‘ಹೋಗ್ಲಿ ಬಿಡ್ರಿ. ಭಾಷಣಾ ಮಾಡ್ತೀನಿ. ಆದ್ರ ಅವತ್ತು ನೀವೂ ಬರಬೇಕು’ ಎಂದರು. ಬರುತ್ತೇನೆಂದು ಮಾತು ಕೊಟ್ಟೆ. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಮನೆಗೆ ಬಂದು ಗಿರಿಜಾಳಿಗೆ ‘ಹೂರಣ ಅವತ್ತು ಖರೇನ ಭಾಳ ಚಲೋ ಆಗಿತ್ತು’ ಎಂದೆ. ‘ನೀವು ತಿಂದಿದ್ರೇನು?’ ಎಂದಳು. ತಿಂದದ್ದು ನೆನಪೇ ಇರಲಿಲ್ಲ.

ವಾರ್ಷಿಕೋತ್ಸವದ ದಿನ ಸಭಾಗೃಹ ಹೆಂಗಸರಿಂದ ತುಂಬಿತ್ತು. ಗಂಡಸರೆಂದರೆ ನಾನು, ಮಹೇಶ, ಮೈಕಿನವನು. ಸುಶೀಲಾಬಾಯಿ ಹಸಿರು ಇಳಕಲ್ ಸೀರೆ ಉಟ್ಟು ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಸಂಘ ಹೇಗೆ ಶುರುವಾಯಿತು, ಏನೇನು ಮಾಡುತ್ತಾರೆ, ಮಳೆಗಾಲದಲ್ಲಿ ಹಪ್ಪಳ ಒಣಗದಿದ್ದಾಗ ಏನು ಮಾಡಿದರು ಎಲ್ಲ. ಒಂದೆರಡು ಕಡೆ ತಡವರಿಸಿದರು. ಒಂದು ಕಡೆ ಶಬ್ದ ಸಿಗದೆ ಕೈಯಿಂದಲೇ ಹಪ್ಪಳ ಲಟ್ಟಿಸಿ ತೋರಿಸಿದರು. ದಿಲ್ಲಿಯ ಮೇಡಮ್ ಚಪ್ಪಾಳೆ ತಟ್ಟಿದರು. ವಿದ್ಯಾ ಮುಂದಿನ ಸಾಲಿನಲ್ಲಿ ಕುಳಿತು ತುಟಿ ಅಲ್ಲಾಡಿಸುತ್ತ ಪ್ರತಿ ವಾಕ್ಯವನ್ನೂ ಜೊತೆಗೇ ಹೇಳುತ್ತಿದ್ದಳು. ಮಾತು ಮುಗಿಸಿದ ಸುಶೀಲಾಬಾಯಿ ಕನ್ನಡಕ್ಕೆ ಬಂದು, ದೊಡ್ಡ ಮನಸ್ಸಿನಿಂದ, ‘ನಮ್ಮ ಬೀಗರು ಬೆಳಗಾವಿಯಿಂದ ಬಂದಾರ. ದೊಡ್ಡ ಆಫೀಸಿನಾಗಿದ್ದಾರ, ಭಾಳ ಓದಿಕೊಂಡಾವ್ರು. ಎರಡು ಮಾತು ಹೇಳ್ತಾರ’ ಎಂದುಬಿಟ್ಟರು.

ಹತ್ತಿದೆ. ಮೈಕು ಹಿಡಿದೆ. ಆ ಕ್ಷಣದಲ್ಲಿ ನನಗೊಂದು ದರಿದ್ರ ಯೋಚನೆ ಬಂತು. ಹಿತ್ತಲಿನಲ್ಲಿ ಕೇಳಿದ ಕ್ಷಮೆ ಯಾರಿಗೂ ಕೇಳಿಸಿಲ್ಲ. ಅವಮಾನ ಮಾಡಿದ್ದು ನಾಲ್ಕು ಜನರ ಮುಂದೆ, ಕ್ಷಮೆ ಕೇಳಬೇಕಾದದ್ದೂ ನಾಲ್ಕು ಜನರ ಮುಂದೆಯೇ ಅಲ್ಲವೇ? ಕಣ್ಣಲ್ಲಿ ನೀರು ಬೇರೆ ಬಂದಿತ್ತು. ‘ತಾಯಂದಿರೇ’ ಎಂದು ಶುರು ಮಾಡಿದೆ. ‘ಇಂಥಾ ಹೆಣ್ಣುಮಗಳನ್ನು ನಾನು ಊಟಕ್ಕೆ ಕರೆದು, ಎಲ್ಲರ ಮುಂದೆ ಇವರ ಇಂಗ್ಲಿಷಿಗೆ ನಗಾಡಿದೆ. ನೈಸ್ ಅಂದದ್ದಕ್ಕೆ ದಡ್ಡತನದ ಅರ್ಥ ಹೇಳಿದೆ. ಇಡೀ ಪಂಕ್ತಿ ಇವರನ್ನು ನೋಡಿ ನಕ್ಕಿತು. ಇವತ್ತು ನಿಮ್ಮೆಲ್ಲರ ಮುಂದೆ ಕ್ಷಮೆ ಕೇಳುತ್ತೇನೆ.’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನನಗೆ ಹೊಳೆಯಿತು, ಅಲ್ಲಿದ್ದ ಒಬ್ಬರಿಗೂ ಈ ವಿಷಯ ಗೊತ್ತಿರಲಿಲ್ಲ. ಸುಶೀಲಾಬಾಯಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವರು ಸೆರಗಿನಲ್ಲಿ ಕಟ್ಟಿಟ್ಟುಕೊಂಡದ್ದನ್ನು ನಾನು ಮೈಕಿನಲ್ಲಿ ಬಿಚ್ಚಿ, ಇಡೀ ಖಾನಾಪುರಕ್ಕೆ ಹಂಚಿದ್ದೆ. ದಿಲ್ಲಿಯ ಮೇಡಮ್ ಪಕ್ಕದವರನ್ನು ಏನಾಯಿತೆಂದು ಕೇಳುತ್ತಿದ್ದರು, ಪಕ್ಕದವರು ವಿವರಿಸುತ್ತಿದ್ದರು. ಮಹೇಶ ನೆಲ ನೋಡುತ್ತಿದ್ದ. ವಿದ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಸುಶೀಲಾಬಾಯಿ ಎದ್ದು ಬಂದು, ನನ್ನ ಕೈಯಿಂದ ಮೆಲ್ಲಗೆ ಮೈಕು ಬಿಡಿಸಿಕೊಂಡು, ಅದನ್ನು ಸೆರಗಿನಿಂದ ಮುಚ್ಚಿ, ‘ಸಾಕ್ರಿ ಬೀಗರ. ಈಗ ಕುಂದರ್ರಿ’ ಎಂದರು. ಮೈಕು ಮುಚ್ಚಿದ್ದರೂ ಅದು ಎಲ್ಲರಿಗೂ ಕೇಳಿಸಿತು.

ಅವರು ಈಗಲೂ ನನ್ನನ್ನು ಬರ್ರಿ ಕುಂದರ್ರಿ ಎಂದೇ ಮಾತಾಡಿಸುತ್ತಾರೆ. ವಿದ್ಯಾಳ ಇಂಗ್ಲಿಷ್ ಪಾಠವೂ ನಡೆದಿದೆ, ಈಗ ಓಣಿಯ ಇನ್ನೂ ಕೆಲವು ಹೆಂಗಸರು ಬಂದು ಕೂಡುತ್ತಾರಂತೆ. ಆ್ಯಪನ್ನು ನಾನೇ ಅಳಿಸಿದೆ. ಮೊನ್ನೆ ಮಗಳನ್ನು ನೋಡಿಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ಬಾಜು ಕುಳಿತ ಒಬ್ಬ ಹಿರಿಯ ಹೆಂಗಸು ನನ್ನನ್ನು ಬಹಳ ಹೊತ್ತು ನೋಡಿದರು. ಕೊನೆಗೆ, ‘ನೀವ ಅಲ್ಲೇನ್ರಿ, ಬೀಗತಿಗೆ ದಡ್ಡಿ ಅಂದಾವ್ರು?’ ಎಂದರು.

ಸಭೆಯಲ್ಲಿ ಮೈಕು ಹಿಡಿದು ಒಪ್ಪಿಕೊಂಡವನು ನಾನು. ಆದರೆ ಬಾಯಿಂದ ಬಂದದ್ದು, ‘ಇಲ್ರೀ, ಅವರು ನಮ್ಮ ಅಣ್ಣಾರು’.

‘ಹೌದೇನ್ರಿ? ಮಾರಿ ಹಂಗ ಐತಿ ಅಂತ ಕೇಳಿದೆ’ ಎಂದು ಆಕೆ ಕನಿಕರದಿಂದ ತಲೆಯಾಡಿಸಿದರು. ‘ಅವರಿಗೆ ಒಂದ ಮಾತು ಹೇಳ್ರಿ. ಶಾಣ್ಯಾರ ಇರಬಹುದು, ಆದ್ರ ಯಾರರ ಏನರ ಚಲೋ ಮಾತು ಆಡಿದಾಗ ಒಂದಿಷ್ಟು ಸುಮ್ಮ ಕುಂದರಾಕ ಕಲೀರಿ ಅಂತ. ಮರೀದಂಗ ಹೇಳ್ರಿ ಮತ್ತ.’

‘ಹೇಳ್ತೀನ್ರಿ’ ಎಂದೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಗಡ್ಡ ಮಾಡಿಕೊಳ್ಳುವಾಗ ದಿನಾ ಕನ್ನಡಿಯಲ್ಲಿ ಎದುರಿಗೆ ಸಿಕ್ಕರೂ ಅವನು ಕೇಳಿಸಿಕೊಳ್ಳುವ ಪೈಕಿ ಅಲ್ಲ.